ಯುಜಿಡಿನಾ, ಎರಡು ಗುಂಡಿನಾ, ಸೆಪ್ಟಿಕ್ ಟ್ಯಾಂಕಾ? ಸಣ್ಣ ಗಲ್ಲಿಯ ಮನೆಗೆ ಯಾವುದು ಸರಿ

ಮನೆಗೆ ಶೌಚಾಲಯ ಕಟ್ಟಿಸುವಾಗ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ಒಂದೇ. ಎಷ್ಟು ಖರ್ಚಾಗುತ್ತೆ? ಆಮೇಲೆ, ಟೈಲ್ಸ್ ಹಾಕಿಸೋದಾ ಬೇಡ್ವಾ. ಗುಂಡಿ ತುಂಬಿದ ಮೇಲೆ ಅದನ್ನು ಯಾರು ಖಾಲಿ ಮಾಡುತ್ತಾರೆ, ಯಾವುದರಿಂದ ಮಾಡುತ್ತಾರೆ ಅಂತ ಕೇಳಿದವರನ್ನು ನಾನು ನೋಡಿದ್ದೇ ಕಡಿಮೆ. ಎರಡು ಮೂರು ವರ್ಷ ಕಳೆದ ಮೇಲೆ ಆ ಪ್ರಶ್ನೆ ತಾನೇ ಬಾಗಿಲಿಗೆ ಬರುತ್ತದೆ, ವಾಸನೆ ಸಮೇತ.

ನಾನು ಎಂಜಿನಿಯರ್ ಅಲ್ಲ. ಮೈಸೂರಿನಲ್ಲಿ ಒಂದು ಮಹಿಳಾ ಸಂಘದ ಲೆಕ್ಕ ಬರೆಯುವವಳು. ಸಂಘದಿಂದ ಶೌಚಾಲಯಕ್ಕೂ ಸಾಲ ಕೊಡುತ್ತೇವೆ. ಸಾಲದ ಪುಸ್ತಕ ಹಿಡಿದವಳಿಗೆ ಯಾವ ಮನೆಯ ಶೌಚಾಲಯ ಕೆಟ್ಟಿದೆ ಅಂತ ಬೇಗ ಗೊತ್ತಾಗುತ್ತದೆ, ಯಾಕಂದ್ರೆ ಅಂಥವರು ಕಂತು ಕಟ್ಟುವುದನ್ನೇ ನಿಲ್ಲಿಸುತ್ತಾರೆ. "ಅದ್ರೊಳಗೆ ಸೌದೆ ತುಂಬಿದ್ದೀನಿ, ಅದಕ್ಯಾಕೆ ದುಡ್ಡು ಕಟ್ಲಿ?" ಅಂತ ಒಬ್ಬರು ನನ್ನನ್ನೇ ಕೇಳಿದರು. ತಪ್ಪು ಅವರದಲ್ಲ. ಜಾಗಕ್ಕೆ ಹೊಂದದ ಶೌಚಾಲಯಕ್ಕೆ ನಾವು ಸಾಲ ಕೊಟ್ಟಿದ್ದೆವು. ಅದಕ್ಕೇ ಈಗ ಸಾಲ ಕೇಳಲು ಬಂದವರ ಜೊತೆ ಕೂತು, ಯಾವುದು ಅವರ ಮನೆಗೆ ಆಗುತ್ತದೆ ಅಂತ ಮೊದಲು ಮಾತಾಡುತ್ತೇವೆ. ಆ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟೇಪು ಹಿಡಿಯಿರಿ

ನಿಮ್ಮ ಮನೆಯಿಂದ ಹತ್ತಿರದ ಯುಜಿಡಿ (ಅಂದರೆ ನೆಲದಡಿಯ ಒಳಚರಂಡಿ) ಚೇಂಬರ್ ಎಷ್ಟು ದೂರ ಇದೆ? ಅಂದಾಜು ಬೇಡ, ಅಳೆಯಿರಿ. 2014ರಲ್ಲಿ ಸ್ವಚ್ಛ ಭಾರತ್ ಶುರುವಾದಾಗ ನಗರಗಳಿಗೆ ಬಂದ ನಿಯಮದಲ್ಲಿ ಒಂದು ಗೆರೆ ಹಾಕಿದ್ದರು: 30 ಮೀಟರ್, ಅಂದರೆ ಸುಮಾರು 100 ಅಡಿ ಒಳಗೆ ಒಳಚರಂಡಿ ಇದ್ದರೆ ಶೌಚಾಲಯವನ್ನು ಅದಕ್ಕೇ ಸೇರಿಸಬೇಕು, ಗುಂಡಿ ತೋಡುವ ಹಾಗಿಲ್ಲ. ಅದಕ್ಕಿಂತ ದೂರ ಇದ್ದರೆ ಮಾತ್ರ ಎರಡು ಗುಂಡಿ, ಸೆಪ್ಟಿಕ್ ಟ್ಯಾಂಕ್ ಇತ್ಯಾದಿ. ಸರ್ಕಾರದ ನಿಯಮ ಅಂತ ಮಾತ್ರ ಅಲ್ಲ, ಬುದ್ಧಿಯ ಮಾತಾಗಿಯೂ ಇದು ಸರಿ ಅಂತ ನನ್ನ ಲೆಕ್ಕ.

ಅಳೆಯುವಾಗ ಇನ್ನೆರಡು ವಿಷಯ ನೋಡಿಕೊಳ್ಳಿ. ನಿಮ್ಮ ಮನೆ ಚೇಂಬರ್‌ಗಿಂತ ಎತ್ತರದಲ್ಲಿದೆಯಾ, ತಗ್ಗಿನಲ್ಲಿದೆಯಾ? ಮತ್ತೆ, ಗುಂಡಿಯ ಹೊಲಸನ್ನು ಹೀರಿಕೊಂಡು ಹೋಗುವ ಸಕ್ಕಿಂಗ್ ಲಾರಿ ಎಲ್ಲಿಯವರೆಗೆ ಬರಬಹುದು? ಈ ಮೂರು ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

ಯುಜಿಡಿ ಸಿಕ್ಕರೆ ಬಿಡಬೇಡಿ, ಆದರೆ ಕಣ್ಣು ಮುಚ್ಚಿಕೊಂಡು ಸೇರಿಸಬೇಡಿ

ಸಿಗುವ ಹಾಗಿದ್ದರೆ ನನ್ನ ಓಟು ಯಾವಾಗಲೂ ಯುಜಿಡಿಗೆ. ಮನೆಯಲ್ಲಿ ಗುಂಡಿ ಇಲ್ಲ, ಖಾಲಿ ಮಾಡಿಸುವ ತಲೆನೋವಿಲ್ಲ. ಮೈಸೂರಿಗೆ ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆ ಅಂತ ಮೂರು ಕಡೆ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಪೈಪು ಸರಿಯಾಗಿದ್ದರೆ ನಿಮ್ಮ ಮನೆಯದು ಅಲ್ಲಿಗೆ ಹೋಗಿ ಸೇರುತ್ತದೆ.

ಪೈಪು ಸರಿಯಾಗಿದ್ದರೆ! ನಮ್ಮ ಪಕ್ಕದ ಬೀದಿಯಲ್ಲಿ ಕಂಟ್ರಾಕ್ಟರ್ ಒಬ್ಬರು ಲೈನ್ ಹಾಕಿ, ಮಣ್ಣು ಮುಚ್ಚಿ, ಬಿಲ್ ಮಾಡಿಕೊಂಡು ಹೋದರು. ಮೊದಲ ದೊಡ್ಡ ಮಳೆಗೆ ಕೊನೆಯ ನಾಲ್ಕು ಮನೆಗಳ ಕಕ್ಕಸಿನ ಬೇಸಿನ್‌ನಲ್ಲಿ ಹೊಲಸು ಉಕ್ಕಿ ಬಂತು. ಅಗೆದು ನೋಡಿದರೆ ಇಳಿಜಾರು ಉಲ್ಟಾ. ಆ ನಾಲ್ಕು ಮನೆಯವರು ಸಂಘಕ್ಕೆ ಸಾಲದ ಕಂತೂ ಕಟ್ಟುತ್ತಿದ್ದರು, ಬೆಳಿಗ್ಗೆ ಚೊಂಬು ಹಿಡಿದು ರೈಲ್ವೆ ಹಳಿಯ ಕಡೆಗೂ ಹೋಗುತ್ತಿದ್ದರು.

ಆದ್ದರಿಂದ ಮಣ್ಣು ಮುಚ್ಚುವ ಮೊದಲೇ ನೋಡಿ. ಮನೆಯಿಂದ ಚೇಂಬರ್‌ಗೆ ಹೋಗುವ 4 ಇಂಚಿನ ಪೈಪು ಪ್ರತಿ 10 ಅಡಿಗೆ ಸುಮಾರು 3 ಇಂಚು ಇಳಿದಿರಬೇಕು. ಎರಡು ಕಡೆ ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದರೆ ಮಟ್ಟ ಗೊತ್ತಾಗುತ್ತದೆ, ಗಾರೆ ಕೆಲಸದವರೆಲ್ಲರ ಹತ್ತಿರ ಇರುತ್ತದೆ. ಆಮೇಲೆ ಮೇಲಿನ ತುದಿಯಲ್ಲಿ ಒಂದು ಬಕೆಟ್ ನೀರು ಒಂದೇ ಸಲಕ್ಕೆ ಸುರಿದು, ಕೆಳಗಿನ ಚೇಂಬರ್ ಮುಚ್ಚಳ ತೆಗೆದು ನಿಂತುಕೊಳ್ಳಿ. ಸುರಿದಷ್ಟೂ ಬೇಗ ಬಂದು ಬಿದ್ದರೆ ಸರಿ. ಅರ್ಧ ಬಂದು ನಿಂತರೆ ಮಣ್ಣು ಮುಚ್ಚಲು ಬಿಡಬೇಡಿ, ಎಷ್ಟು ಜಗಳ ಆದರೂ ಸರಿ. ಪೈಪು ತಿರುಗುವ ಕಡೆಯಲ್ಲೆಲ್ಲ ಒಂದು ಸಣ್ಣ ಚೇಂಬರ್ ಇರಲಿ, ಕಟ್ಟಿಕೊಂಡರೆ ಅಲ್ಲಿಂದ ಬಿಡಿಸಬಹುದು.

ನೀರಿನ ಮಾತೂ ಇದೆ. ಒಳಚರಂಡಿ ಓಡುವುದೇ ನೀರಿನ ಬಲದ ಮೇಲೆ. ದಿನ ಬಿಟ್ಟು ದಿನ ನಲ್ಲಿ ಬರುವ ಕಡೆ, ತೊಂಬೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ತರುವ ಕಡೆ, ಜನ ಒಂದು ಚೊಂಬು ಹಾಕಿ ಸುಮ್ನಾಗುತ್ತಾರೆ. ಪೈಪಿನಲ್ಲಿ ಎಲ್ಲ ಅಲ್ಲೇ ಕೂತು ಕಟ್ಟಿಕೊಳ್ಳುತ್ತದೆ. ಬಚ್ಚಲ ನೀರನ್ನೂ ಅದೇ ಲೈನಿಗೆ ಬಿಟ್ಟರೆ ಇದು ಎಷ್ಟೋ ಕಡಿಮೆಯಾಗುತ್ತದೆ, ಸ್ನಾನದ ನೀರೇ ತಳ್ಳಿಕೊಂಡು ಹೋಗುತ್ತದೆ. ಆದರೆ ತಾರಸಿಯ ಮಳೆ ನೀರನ್ನು ಮಾತ್ರ ಬಿಡಬೇಡಿ. ಯುಜಿಡಿ ಪೈಪು ಮಳೆ ನೀರಿಗೆ ಅಂತ ಮಾಡಿದ್ದಲ್ಲ. ಮೇಲಿನ ಮನೆಯವರು ತಾರಸಿ ನೀರು ಬಿಟ್ಟರೆ ಕೆಳಗಿನ ಮನೆಯವರ ಬೇಸಿನ್ ಉಕ್ಕುತ್ತದೆ.

"ನಮ್ಮ ಗಲ್ಲಿ ನಾಲ್ಕೇ ಅಡಿ, ಇಲ್ಲಿ ದೊಡ್ಡ ಪೈಪು ಹಾಕಕ್ಕಾಗಲ್ಲ" ಅಂತ ಅಧಿಕಾರಿಗಳು ಹೇಳಿದರೆ ಅಲ್ಲಿಗೆ ಬಿಡಬೇಡಿ. ಬ್ರೆಜಿಲ್‌ನಲ್ಲಿ 1980ರ ದಶಕದಿಂದ ಇಂಥ ಕಿರಿದಾದ ಜಾಗಗಳಲ್ಲಿ ಸಣ್ಣ ಪೈಪನ್ನು ಹೆಚ್ಚು ಆಳ ಇಲ್ಲದೆ, ಮನೆಗಳ ಹಿತ್ತಲಿನಲ್ಲೋ ಮುಂಬಾಗಿಲಿನಲ್ಲೋ ಹಾಯಿಸಿ, ಇಡೀ ಸಾಲಿಗೆ ಒಂದೇ ಕಡೆ ಮುಖ್ಯ ಲೈನಿಗೆ ಸೇರಿಸುತ್ತಾರೆ. ಲಾರಿ ಓಡಾಡದ ಕಡೆ ಪೈಪು ಆಳದಲ್ಲಿರಬೇಕಾಗಿಲ್ಲ, ಅಲ್ವಾ? ಪಾಕಿಸ್ತಾನದ ಕರಾಚಿಯ ಓರಂಗಿ ಅನ್ನುವ ಬಡವರ ಬಡಾವಣೆಯಲ್ಲಿ 1980ರಲ್ಲಿ ಶುರುವಾದ ಕೆಲಸ ಇನ್ನೂ ಗಟ್ಟಿ. ಅಖ್ತರ್ ಹಮೀದ್ ಖಾನ್ ಅಂತ ಒಬ್ಬರು ಅಲ್ಲಿ ಗಲ್ಲಿ ಗಲ್ಲಿಯ ಜನರನ್ನೇ ಸೇರಿಸಿದರು. ಒಂದೊಂದು ಗಲ್ಲಿಯ ಮನೆಯವರು ತಾವೇ ಒಬ್ಬ ಮುಖಂಡನನ್ನು ಆರಿಸಿ, ದುಡ್ಡು ಕೂಡಿಸಿ, ಗಲ್ಲಿಯೊಳಗಿನ ಪೈಪನ್ನು ತಾವೇ ಹಾಕಿಕೊಂಡರು. ದೊಡ್ಡ ಲೈನು, ಶುದ್ಧೀಕರಣ ಸರ್ಕಾರದ ಪಾಲು ಅಂತ ಹಂಚಿಕೊಂಡರು. ನಮ್ಮ ಹೆಂಗಸರಿಗೆ ಇದು ಹೊಸದೇನಲ್ಲ. ಚೀಟಿ ನಡೆಸಲು ಬರುವವರಿಗೆ ಪೈಪಿನ ಲೆಕ್ಕವೂ ಬರುತ್ತದೆ. ಆದರೆ ಪಾಲಿಕೆಯ ಒಪ್ಪಿಗೆ ಇಲ್ಲದೆ ಮುಖ್ಯ ಲೈನಿಗೆ ಕೈ ಹಾಕಬೇಡಿ. ಮೊದಲು ವಾರ್ಡಿನ ಎಂಜಿನಿಯರ್ ಕಡೆಯಿಂದ ಮಟ್ಟ ನೋಡಿಸಿಕೊಳ್ಳಿ. ಮಂಡ್ಯದಂಥ ಊರಲ್ಲಿ ದೊಡ್ಡ ಲೈನು ಹಾಕುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಮನೆಯ ಅರ್ಜಿ ಮಾತ್ರ ನಗರಸಭೆಗೆ ಕೊಡಿ.

ಯುಜಿಡಿ ದೂರ, ಜಾಗ ಇದೆ: ಎರಡು ಗುಂಡಿ

ಇದಕ್ಕೆ ಸಿಗಬೇಕಾದ ಮರ್ಯಾದೆ ನಮ್ಮಲ್ಲಿ ಸಿಕ್ಕಿಲ್ಲ. ಗುಂಡಿ ಅಂದ ಕೂಡಲೇ ಹಳ್ಳಿಯದು ಅಂತ ಮೂಗು ಮುರಿಯುತ್ತಾರೆ. ನನಗೆ ಕೇಳಿದರೆ, ಲಾರಿ ಬಾರದ ಗಲ್ಲಿಯ ಮನೆಗೆ ಸೆಪ್ಟಿಕ್ ಟ್ಯಾಂಕ್‌ಗಿಂತ ಇದೇ ವಾಸಿ.

ಕೆಲಸ ಮಾಡುವ ರೀತಿ ಸುಲಭ. ಬೇಸಿನ್‌ನಿಂದ ಬರುವ ಪೈಪು ಒಂದು ಸಣ್ಣ ಚೇಂಬರ್‌ನಲ್ಲಿ ವೈ ಆಕಾರದಲ್ಲಿ ಕವಲಾಗಿ ಎರಡು ಗುಂಡಿಗೆ ಹೋಗುತ್ತದೆ. ಒಂದರ ಬಾಯಿ ಇಟ್ಟಿಗೆ ಇಟ್ಟು ಮುಚ್ಚಿರುತ್ತೀರಿ. ಐದಾರು ಜನರ ಮನೆಗೆ 3 ಅಡಿ ಅಗಲ, 3ರಿಂದ 4 ಅಡಿ ಆಳದ ಗುಂಡಿ ಸುಮಾರು ಮೂರು ವರ್ಷ ಬರುತ್ತದೆ. ನೀರು ಪಕ್ಕದ ಮಣ್ಣಿಗೆ ಇಂಗುತ್ತದೆ, ಗಟ್ಟಿ ಉಳಿಯುತ್ತದೆ. ತುಂಬಿದಾಗ ಇಟ್ಟಿಗೆ ಬದಲಿಸಿ ಇನ್ನೊಂದಕ್ಕೆ ಬಿಡುತ್ತೀರಿ. ಮೊದಲನೆಯದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಅದು ಒಣಗಿದ ಗೊಬ್ಬರ. ವಾಸನೆ ಇರುವುದಿಲ್ಲ. ಮನೆಯವರೇ ಸನಿಕೆಯಲ್ಲಿ ತೆಗೆದು ಗಿಡಕ್ಕೆ ಹಾಕಬಹುದು. ಬಿಂದೇಶ್ವರ್ ಪಾಠಕ್ ಅವರು 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿ ದೇಶಕ್ಕೆಲ್ಲ ಹಬ್ಬಿಸಿದ್ದು ಇದನ್ನೇ. ಅವರ ಗುರಿ ಇದ್ದದ್ದೇ ಮನುಷ್ಯರು ಮಲ ಹೊರುವುದನ್ನು ನಿಲ್ಲಿಸುವುದು.

ಕೆಡುವುದು ಎಲ್ಲಿ ಅಂದರೆ ಮೇಸ್ತ್ರಿಯ ಹತ್ತಿರ. "ಅಕ್ಕ, ಎರಡ್ಯಾಕೆ, ಒಂದೇ ದೊಡ್ದಾಗಿ ಹತ್ತಡಿ ತೆಗ್ಸಿಬುಡಿ, ನಿಮ್ ಮೊಮ್ಮಕ್ಳ ಕಾಲಕ್ಕೂ ತುಂಬಕ್ಕಿಲ್ಲ" ಅಂತಾರೆ. ಕೇಳಲು ಚೆನ್ನಾಗಿದೆ. ಆ ಒಂದೇ ಗುಂಡಿ ತುಂಬುವ ದಿನ ಮೇಲಿನದೆಲ್ಲ ನಿನ್ನೆ ಮೊನ್ನೆಯದೇ, ಹಸಿಯಾಗಿಯೇ ತೆಗೆಸಬೇಕು. ಗೊಬ್ಬರ ಆಗಲು ಅದಕ್ಕೆ ಬಿಡುವೇ ಸಿಗುವುದಿಲ್ಲ. ಇನ್ನೊಂದು ತಪ್ಪು, ಒಳಗೆಲ್ಲ ಸಿಮೆಂಟ್ ಗಿಲಾವು ಮಾಡಿಬಿಡುವುದು. ಇಂಗುಗುಂಡಿಯ ಗೋಡೆಯಲ್ಲಿ ಇಟ್ಟಿಗೆ ನಡುವೆ ಕಿಂಡಿ ಇರಬೇಕು, ತಳದಲ್ಲಿ ಬರೀ ಮಣ್ಣು ಇರಬೇಕು. ಗಿಲಾವು ಮಾಡಿದರೆ ಕೆಲವೇ ತಿಂಗಳಲ್ಲಿ ತುಂಬಿ ನಿಲ್ಲುತ್ತದೆ. ಎರಡು ಗುಂಡಿಗಳ ನಡುವೆ ಕನಿಷ್ಠ 3 ಅಡಿ ಬಿಡಿ, ಇಲ್ಲದಿದ್ದರೆ ಈ ಗುಂಡಿಯ ನೀರು ಆ ಗುಂಡಿಗೆ ನುಗ್ಗಿ ಯಾವುದೂ ಒಣಗುವುದಿಲ್ಲ. ಬಚ್ಚಲ ನೀರನ್ನು ಇಲ್ಲಿಗೆ ಬಿಡಬೇಡಿ. ಯುಜಿಡಿಗೆ ಹೇಳಿದ್ದಕ್ಕೆ ಇದು ಸರಿಯಾಗಿ ಉಲ್ಟಾ, ಗಮನ ಇರಲಿ. ಬೇಸಿನ್ ಕೂಡ ಕಡಿದಾದ ಇಳಿಜಾರಿನದೇ ತನ್ನಿ. ಅದಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕು, ಅಂದರೆ ಒಂದೆರಡು ಚೊಂಬು.

ಎಲ್ಲಿ ಆಗುವುದಿಲ್ಲ? ಮಂಡ್ಯದಲ್ಲಿ ನನ್ನ ಅಕ್ಕನ ಮನೆ ಇದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಾಗ ಅವರ ಹಿತ್ತಲಲ್ಲಿ ಐದಡಿ ತೋಡಿದರೆ ನೀರು ಒಸರುತ್ತದೆ. ಅಲ್ಲಿ ಇಂಗುಗುಂಡಿ ಅಂದರೆ ಹೊಲಸನ್ನು ನೇರವಾಗಿ ಅಂತರ್ಜಲಕ್ಕೆ ಕಲಸಿದ ಹಾಗೆ. ಗುಂಡಿಯ ತಳಕ್ಕೂ ನೆಲದಡಿಯ ನೀರಿಗೂ ಮಳೆಗಾಲದಲ್ಲೂ 2 ಮೀಟರ್ ಅಂತರ ಇರಬೇಕು. ಬಾವಿ, ಬೋರ್‌ವೆಲ್, ಕೈಪಂಪ್‌ನಿಂದ 10 ಮೀಟರ್ ದೂರ ಇಡಿ. ಪಕ್ಕದ ಮನೆಯವರ ಬೋರ್‌ವೆಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಕೆಲವು ಕಡೆ ಮೂರಡಿಗೇ ಬಂಡೆ ಸಿಗುತ್ತದೆ. ಅಲ್ಲೂ ನೀರು ಇಂಗುವುದಿಲ್ಲ.

ಸೆಪ್ಟಿಕ್ ಟ್ಯಾಂಕ್: ಲಾರಿ ಬಂದರೆ ಮಾತ್ರ

ಎಲ್ಲರಿಗೂ ಬೇಕಾಗಿರುವುದು ಇದೇ. "ನಮ್ದು ಸೆಪ್ಟಿಕ್ ಟ್ಯಾಂಕ್" ಅಂತ ಹೇಳುವುದರಲ್ಲಿ ಒಂದು ಗತ್ತು ಇದೆ. ಆದರೆ ನಮ್ಮ ಗಲ್ಲಿಗಳಲ್ಲಿ ಆ ಹೆಸರಿನಲ್ಲಿ ಇರುವುದು ಹೆಚ್ಚಾಗಿ ಒಂದು ಸಿಮೆಂಟ್ ತೊಟ್ಟಿ, ಅದರಿಂದ ಮೋರಿಗೆ ಒಂದು ಪೈಪು. ಟ್ಯಾಂಕಿನಿಂದ ಹೊರಗೆ ಬರುವ ನೀರು ತಿಳಿಯಾಗಿ ಕಂಡರೂ ರೋಗಾಣು ತುಂಬಿರುತ್ತದೆ. ಅದು ಇಂಗುಗುಂಡಿಗೆ ಹೋಗಬೇಕು, ಮಕ್ಕಳು ಗೋಲಿ ಆಡುವ ಜಾಗದ ಮೋರಿಗಲ್ಲ.

ಸರಿಯಾಗಿ ಕಟ್ಟುವುದಾದರೆ ಎರಡು ಭಾಗ ಇರಬೇಕು, ಮೊದಲನೆಯದು ಎರಡನೆಯದರ ಎರಡರಷ್ಟು. ಭಾರತೀಯ ಮಾನಕದ ಪ್ರಕಾರ ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ಚಿಲ್ಲರೆ ನೀರಿನ ಆಳ ಸಾಕು. ಕೋಣೆಯಷ್ಟು ದೊಡ್ಡದು ಬೇಡ. ದೊಡ್ಡದಾದಷ್ಟೂ ಜನ ಅದನ್ನು ಮರೆಯುತ್ತಾರೆ. ಹತ್ತು ಹದಿನೈದು ವರ್ಷ ಮುಟ್ಟದೆ ಬಿಟ್ಟು, ಕೊನೆಗೆ ಕೆಸರು ಕಲ್ಲಾಗಿ ಲಾರಿಯ ಪೈಪಿಗೂ ಏಳದ ಹಾಗೆ ಮಾಡಿಕೊಳ್ಳುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕು.

ತೆಗೆಸುವುದು ಅಂದರೆ ಸಕ್ಕಿಂಗ್ ಮಿಷನ್‌ನಿಂದ. ಮನುಷ್ಯರನ್ನು ಇಳಿಸಿ ಅಲ್ಲ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮುಚ್ಚಿದ ಟ್ಯಾಂಕಿನೊಳಗೆ ವಿಷಗಾಳಿ ಇರುತ್ತದೆ, ಉಸಿರಾಡಲು ಗಾಳಿ ಇರುವುದಿಲ್ಲ. ಒಬ್ಬ ಬಿದ್ದನಲ್ಲಾ ಅಂತ ಇನ್ನೊಬ್ಬ ಇಳಿಯುತ್ತಾನೆ, ಅವನೂ ಮೇಲೆ ಬರುವುದಿಲ್ಲ. ಪೇಪರಿನಲ್ಲಿ ಓದುವ ಸಾವುಗಳಲ್ಲಿ ಎರಡು ಮೂರು ಹೆಸರು ಒಟ್ಟಿಗೆ ಇರುವುದು ಅದಕ್ಕೇ. ಮಲ ಹೊರುವುದನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನ ಕೊಡದೆ ಯಾರನ್ನಾದರೂ ಇಳಿಸಿದರೆ ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಂಟ್ರಾಕ್ಟರ್‌ಗೆ ಮಾತ್ರ ಅಲ್ಲ, ಕರೆಸಿದ ಮನೆಯವರಿಗೂ ಅನ್ವಯ ಆಗುತ್ತದೆ. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಯಾರೋ ಐನೂರು ಕಮ್ಮಿಗೆ "ನಮ್ ಹುಡುಗ ಇಳೀತಾನೆ" ಅಂದರೆ ವಾಪಸ್ ಕಳಿಸಿ. ಟ್ಯಾಂಕ್ ಅಥವಾ ಮ್ಯಾನ್‌ಹೋಲ್ ತುಂಬಿದೆ ಅಂತ ದೂರು ಕೊಡಲು 14420 ಅನ್ನುವ ಸಹಾಯವಾಣಿಯೂ ಇದೆ.

ಅದಕ್ಕೇ ಕಟ್ಟುವ ಮೊದಲೇ ಲಾರಿಯವರಿಗೆ ಫೋನ್ ಮಾಡಿ ಎರಡು ಮಾತು ಕೇಳಿ. ನಿಮ್ಮ ಪೈಪು ಎಷ್ಟು ಅಡಿ ಬರುತ್ತೆ? ತೆಗೆದದ್ದನ್ನು ಎಲ್ಲಿ ಸುರಿಯುತ್ತೀರಿ? ಎರಡನೆಯದಕ್ಕೆ ಉತ್ತರ ತಡವರಿಸಿದರೆ ಕೆರೆಗೋ ರಿಂಗ್ ರೋಡ್ ಪಕ್ಕದ ಹಳ್ಳಕ್ಕೋ ಅಂತ ಅನುಮಾನ ಪಡಿ. ದೇವನಹಳ್ಳಿಯಲ್ಲಿ 2015ರಲ್ಲೇ ಈ ಕೆಸರನ್ನು ಶುದ್ಧ ಮಾಡುವ ಘಟಕ ಶುರುವಾಯಿತು. ಅಲ್ಲಿ ಅದನ್ನು ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ, ರೈತರು ಒಯ್ಯುತ್ತಾರೆ. ಸಣ್ಣ ಊರಿಗೆ ಆಗಿದ್ದು ದೊಡ್ಡ ಊರಿಗೆ ಆಗಬಾರದಾ?

ಗುಂಡಿಗೂ ಜಾಗ ಇಲ್ಲ, ಬಾಡಿಗೆ ಮನೆ

ನಾನು ಬೆಳೆದದ್ದು ವಠಾರದಲ್ಲಿ. ಒಂಬತ್ತು ಸಂಸಾರ, ಎರಡು ಕಕ್ಕಸು. ನಾಲ್ಕು ಮನೆಗೆ ಒಂದು, ಐದು ಮನೆಗೆ ಇನ್ನೊಂದು ಅಂತ ಅಜ್ಜಿಯರು ಕೂತು ಹಂಚಿದ್ದರು. ಬೀಗ ಇತ್ತು, ಒಂದೊಂದು ಮನೆಗೆ ಒಂದೊಂದು ಬೀಗದಕೈ, ತೊಳೆಯುವ ಸರದಿ ಗೋಡೆಯ ಕ್ಯಾಲೆಂಡರ್ ಮೇಲೆ. ಜಗಳ ಇರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅದು ಯಾವತ್ತೂ ಹಾಳುಬೀಳಲಿಲ್ಲ. ಈಗ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಹಂಚಿಕೊಂಡ ಶೌಚಾಲಯವನ್ನು ಒಂದು ಮೆಟ್ಟಿಲು ಕೆಳಗೇ ಇಡುತ್ತಾರೆ, ಅದು ಸರಿಯೇ. ಆದರೂ ನಾಲ್ಕೈದು ಮನೆಗೆ ಒಂದು, ಬೀಗ ಹಾಕಿದ್ದು ಬೇರೆ. ಯಾರ ಮನೆಯದೂ ಅಲ್ಲದ ಸಾರ್ವಜನಿಕ ಶೌಚಾಲಯ ಬೇರೆ.

ಸಾರ್ವಜನಿಕದ್ದರ ಲೆಕ್ಕ ಹಾಕಿ ನೋಡಿ. ಒಂದು ಸಲಕ್ಕೆ 5 ರೂಪಾಯಿ ಅಂದುಕೊಳ್ಳಿ. ಐದು ಜನರ ಮನೆ, ದಿನಕ್ಕೆ ಒಂದೇ ಸಲ ಹೋದರೂ ತಿಂಗಳಿಗೆ 750, ವರ್ಷಕ್ಕೆ 9,000 ರೂಪಾಯಿ. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಇದು ಸಣ್ಣ ದುಡ್ಡಲ್ಲ. ಎರಡು ವರ್ಷ ಹೀಗೆ ಕೊಟ್ಟ ದುಡ್ಡು ನಮ್ಮ ಸಂಘದಲ್ಲಿ ಶೌಚಾಲಯದ ಸಾಲದ ಬಹುಪಾಲು ತೀರಿಸುತ್ತದೆ. ದುಡ್ಡಿರಲಿ, ರಾತ್ರಿ ಹತ್ತಕ್ಕೆ ಬಾಗಿಲು ಹಾಕಿದರೆ ಹೊಟ್ಟೆ ಕೆಟ್ಟ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು?

ಬೇರೆ ದಾರಿ ಇಲ್ಲ, ಸಮುದಾಯ ಶೌಚಾಲಯವೇ ಬರುತ್ತದೆ ಅಂದರೆ ಕಟ್ಟಡದ ಬಣ್ಣ ನೋಡಬೇಡಿ. 25 ಹೆಂಗಸರಿಗೆ ಒಂದು, 35 ಗಂಡಸರಿಗೆ ಒಂದು ಸೀಟು ಅನ್ನುವುದು ಸ್ವಚ್ಛ ಭಾರತ್ ನಿಯಮ, ಅದನ್ನು ಎಣಿಸಿ. ನೀರಿನ ಕನೆಕ್ಷನ್ ಯಾರ ಹೆಸರಲ್ಲಿ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅಂತ ಉದ್ಘಾಟನೆಗೆ ಮುಂಚೆ ಬರೆಸಿಕೊಳ್ಳಿ. ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ಮಕ್ಕಳಿಗೆ ಸಣ್ಣ ಬೇಸಿನ್, ಒಳಗಿನಿಂದ ಚಿಲಕ. ನಡೆಸುವ ಕೆಲಸ ಆದಷ್ಟು ಅದೇ ಬೀದಿಯ ಹೆಂಗಸರ ಸಂಘಕ್ಕೆ ಸಿಗಲಿ. ತಿರುಚಿರಾಪಳ್ಳಿಯಲ್ಲಿ ಕೊಳೆಗೇರಿಯ ಮಹಿಳಾ ಸಂಘಗಳು ಇದನ್ನು ಬಹಳ ವರ್ಷ ನಡೆಸಿವೆ, ಬಳಸುವವರಿಂದ ದುಡ್ಡು ಎತ್ತಿ, ಕಾವಲಿನವರಿಗೆ ಸಂಬಳ ಕೊಟ್ಟು.

ಮಾರಲು ಬರುವ ಉಳಿದವು

ಬಯೋ ಟಾಯ್ಲೆಟ್ ಅಂತ ಪಾಂಪ್ಲೆಟ್ ಹಿಡಿದು ಬರುತ್ತಾರೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮಾಡಿದ, ಬ್ಯಾಕ್ಟೀರಿಯಾದಿಂದ ಹೊಲಸು ಕರಗಿಸುವ ವಿಧಾನ, ರೈಲಿನಲ್ಲಿ ಇದೆ, ಸುಳ್ಳಲ್ಲ. ಆದರೆ ಅದರಿಂದಲೂ ನೀರು ಹೊರಗೆ ಬರುತ್ತದೆ, ಅದಕ್ಕೂ ಜಾಗ ಬೇಕು. ಫಿನಾಯಿಲ್, ಆಸಿಡ್ ಸುರಿಯುವ ಮನೆಯಲ್ಲಿ ಒಳಗಿನ ಬ್ಯಾಕ್ಟೀರಿಯಾ ಸತ್ತು ಅದೂ ಒಂದು ತೊಟ್ಟಿ ಆಗುತ್ತದೆ ಅಷ್ಟೇ.

ಡಬ್ಬಿ ಶೌಚಾಲಯ ಅಂತ ಇನ್ನೊಂದಿದೆ. ಘಾನಾದ ಕುಮಾಸಿಯಲ್ಲಿ ಮನೆಯೊಳಗೆ ಡಬ್ಬಿ ಇಡುತ್ತಾರೆ, ವಾರಕ್ಕೆ ಕೆಲವು ಸಲ ಬಂದು ಬದಲಿಸಿಕೊಂಡು ಹೋಗುತ್ತಾರೆ. ಅಲ್ಲಿ ನಡೆಯುತ್ತದೆ. ನಮ್ಮಲ್ಲಿ ನೀರಿನಿಂದ ತೊಳೆದುಕೊಳ್ಳುವವರಿಗೆ ಅದು ಹೊಂದುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಡಬ್ಬಿ ಹೊರುವ ಕೆಲಸ ಯಾವ ಜಾತಿಯವರ ತಲೆಗೆ ಬರುತ್ತದೆ ಅಂತ ಮೈಸೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಹಳೆಯ ಬಡಾವಣೆಗಳ ಮನೆಗಳ ಹಿಂದೆ ಇರುವ ಕನ್ಸರ್ವೆನ್ಸಿ ಗಲ್ಲಿಗಳು ಹುಟ್ಟಿದ್ದೇ ಅದಕ್ಕೆ, ಮುಂಬಾಗಿಲಿಗೆ ಕಾಣದ ಹಾಗೆ ಮಲ ಹೊತ್ತು ಹೋಗಲು. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರುವುದನ್ನು ನಿಷೇಧಿಸಿದ ರಾಜ್ಯ ಇದು. ಅದಕ್ಕೆ ಹೊಸ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಾಪಸ್ ಹೋಗಲು ನನಗೆ ಮನಸ್ಸಿಲ್ಲ.

ಹಕ್ಕುಪತ್ರ ಇಲ್ಲ ಅಂದರೆ

"ನಿಮ್ದು ಘೋಷಿತ ಕೊಳೆಗೇರಿ ಅಲ್ಲ, ಅರ್ಜಿ ತಗೊಳಲ್ಲ" ಅನ್ನುವ ಮಾತು ಕೇಳಿರುತ್ತೀರಿ. ಸ್ವಚ್ಛ ಭಾರತ್‌ನ ನಗರ ಮಾರ್ಗಸೂಚಿಯಲ್ಲಿ, ಬಡಾವಣೆ ಅಧಿಕೃತವೋ ಅಲ್ಲವೋ, ಕೊಳೆಗೇರಿ ಘೋಷಿತವೋ ಅಲ್ಲವೋ ನೋಡದೆ ಮನೆ ಶೌಚಾಲಯಕ್ಕೆ ಸಹಾಯ ಕೊಡಬೇಕು ಅಂತಲೇ ಇತ್ತು. ಮೊದಲ ಹಂತದಲ್ಲಿ ಕೇಂದ್ರದ ಪಾಲು ಮನೆಗೆ 4,000 ರೂಪಾಯಿ, ಅದರ ಮೇಲೆ ರಾಜ್ಯದ್ದು. ಈಗ ಎಷ್ಟು ಸಿಗುತ್ತದೆ ಅಂತ ವಾರ್ಡ್ ಕಚೇರಿಯಲ್ಲಿ ಕೇಳಿ, ಅರ್ಜಿ ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ಇಲ್ಲ ಎನ್ನುವುದಕ್ಕೆ ಬೆಲೆ ಕೊಡಬೇಡಿ. ಬಾಡಿಗೆಯವರಾದರೆ ಕಟ್ಟಿಸುವ ಮುಂಚೆ ಮಾಲೀಕರ ಜೊತೆ ಒಂದು ಚೀಟಿ ಮಾಡಿಕೊಳ್ಳಿ, ಇಂತಿಷ್ಟು ವರ್ಷ ಬಾಡಿಗೆ ಏರಿಸುವುದಿಲ್ಲ ಅಂತ. ನಿಮ್ಮ ದುಡ್ಡಲ್ಲಿ ಶೌಚಾಲಯ ಕಟ್ಟಿಸಿಕೊಂಡು ನಿಮ್ಮನ್ನೇ ಬಿಡಿಸಿದ ಮಾಲೀಕರನ್ನು ನಾನು ನೋಡಿದ್ದೇನೆ.

ಈ ತಿಂಗಳು ಸಂಘಕ್ಕೆ ಹದಿನಾಲ್ಕು ಅರ್ಜಿ ಬಂದಿದೆ, ಎಲ್ಲ ಒಂದೇ ಗಲ್ಲಿಯವು. ಭಾನುವಾರ ಟೇಪು ಹಿಡಿದು ಹೋದೆವು. ಒಂಬತ್ತು ಮನೆಗೆ ಚೇಂಬರ್ 100 ಅಡಿ ಒಳಗೇ ಇದೆ, ಒಂದೇ ಲೈನಿನಲ್ಲಿ ಸೇರಿಸಬಹುದು. ಮೂರು ಮನೆಗೆ ಹಿತ್ತಲಿದೆ, ಎರಡು ಗುಂಡಿ. ಕೆಳಗಿನ ತುದಿಯ ಎರಡು ಮನೆ ಚೇಂಬರ್‌ಗಿಂತ ತಗ್ಗಿನಲ್ಲಿವೆ, ಹಿತ್ತಲೂ ಇಲ್ಲ. ಅಂಗಳ ಇರುವ ಒಂದು ಮನೆಯವರನ್ನು ಕೇಳಿದ್ದೇವೆ, ಮೂರು ಮನೆಗೆ ಸೇರಿ ಒಂದು ಕಟ್ಟಲು ಜಾಗ ಬಿಡ್ತೀರಾ ಅಂತ. ಅತ್ತೆಯನ್ನು ಕೇಳಿ ಹೇಳ್ತೀನಿ ಅಂದಿದ್ದಾರೆ.